ಚಿನ್ನ-ಬೆಳ್ಳಿ ಪ್ರಶ್ನೋತ್ತರ: ತಾಮ್ರ ಬೆರೆಸಿದ ನಾಣ್ಯ ಕಲಬೆರಕೆನಾ?

ಕಳೆದ ಸಂಚಿಕೆಯಲ್ಲಿ ಮನೆಯಲ್ಲಿರೋ ಚಿನ್ನ-ಬೆಳ್ಳಿ ನಾಣ್ಯಗಳ ಬಗ್ಗೆ ಏನಿದ್ರೂ ಕೇಳಿ ಅಂದಿದ್ವಿ, ಮುಂಬೈ, ಪುಣೆ, ಗೋವಾ ಕನ್ನಡಿಗರಿಂದ ರಾಶಿ ಪ್ರಶ್ನೆ ಬಂದಿವೆ. ಒಂದೇ ಥರದ್ದನ್ನ ಸೇರಿಸಿದೀನಿ. ಮನೆಯಲ್ಲಿ ಚಿನ್ನ ಇದೆ ಅಂತ ಊರಿಗೆಲ್ಲ ಸಾರೋದು ಬೇಡ ಅಂತ ಹೆಸರು ಬಿಟ್ಟು ಊರು ಮಾತ್ರ ಹಾಕಿದೀನಿ.

ನಮ್ಮ ಮಾವ ದಕ್ಷಿಣ ಆಫ್ರಿಕಾದಲ್ಲಿ ಕೆಲಸಕ್ಕಿದ್ದಾಗ ತಗೊಂಡಿದ್ದ ಒಂದು ಔನ್ಸಿನ ಕ್ರೂಗರ್‌ರಾಂಡ್ ಚಿನ್ನದ ನಾಣ್ಯ ಈಗ ನಮ್ಮ ಪಾಲಿಗೆ ಬಂದಿದೆ. ಬಣ್ಣ ಸ್ವಲ್ಪ ಕೆಂಪಗಿದೆ. ಅಂಗಡಿಯವರು "ಇದು 22 ಕ್ಯಾರಟ್ಟು, ತಾಮ್ರ ಹಾಕಿದಾರೆ, ಔನ್ಸಿನ ಪೂರ್ತಿ ರೇಟ್ ಬರಲ್ಲ, ಎಂಟು ಪರ್ಸೆಂಟ್ ಕಟ್ ಆಗತ್ತೆ" ಅಂದ್ರು. ಅದು ಸರಿನಾ? – ಡೊಂಬಿವಿಲಿ

ಆ ಲೆಕ್ಕಕ್ಕೆ ಒಪ್ಕೊಂಡು ದಯವಿಟ್ಟು ಕೊಡ್ಬೇಡಿ. 22 ಕ್ಯಾರಟ್ ಅನ್ನೋದು ನಿಜ, ತಾಮ್ರ ಇರೋದೂ ನಿಜ, ಕಟ್ ಮಾಡೋ ಲೆಕ್ಕ ಮಾತ್ರ ಪೂರ್ತಿ ತಪ್ಪು. ಕ್ರೂಗರ್‌ರಾಂಡ್ ಶುರುವಾಗಿದ್ದು 1967ರಲ್ಲಿ, ಒಂದು ಕಡೆ ಹಿಂದೆ ಅಲ್ಲಿನ ಟ್ರಾನ್ಸ್‌ವಾಲ್ ರಾಜ್ಯದ ಅಧ್ಯಕ್ಷನಾಗಿದ್ದ ಪಾಲ್ ಕ್ರೂಗರ್ ಮುಖ, ಇನ್ನೊಂದು ಕಡೆ ಸ್ಪ್ರಿಂಗ್‌ಬಾಕ್ ಜಿಂಕೆ. ಅದರಲ್ಲಿ 91.67% ಚಿನ್ನ, ಬಾಕಿ 8.33% ತಾಮ್ರ, ಬೇರೇನೂ ಇಲ್ಲ. ಆದ್ರೆ ನಾಣ್ಯದ ಒಟ್ಟು ತೂಕ 31.1 ಗ್ರಾಂ ಅಲ್ಲ, 33.93 ಗ್ರಾಂ! ಒಂದು ಟ್ರಾಯ್ ಔನ್ಸ್ ಅಂದ್ರೆ 31.1035 ಗ್ರಾಂ ಶುದ್ಧ ಚಿನ್ನ ಪೂರ್ತಿ ಒಳಗಿದೆ, ಅದರ ಮೇಲೆ ಎರಡೂಮುಕ್ಕಾಲು ಗ್ರಾಂಗಿಂತ ಸ್ವಲ್ಪ ಜಾಸ್ತಿ ತಾಮ್ರ ಸೇರಿಸಿ ಹೊಡೆದಿರೋದು. ಅಂಗಡಿಯವ್ರು ಏನ್ಮಾಡ್ತಾರೆ ಅಂದ್ರೆ "ಒಂದು ಔನ್ಸು" ಅನ್ನೋದನ್ನ ನೋಡಿ 31.1 ಅಂತ ಹಿಡಿದು ಅದನ್ನ 0.9167ರಿಂದ ಗುಣಿಸ್ತಾರೆ, 28.5 ಗ್ರಾಂ ಬರತ್ತೆ, ಅಂದ್ರೆ ಎರಡೂವರೆ ಗ್ರಾಂಗಿಂತ ಜಾಸ್ತಿ ಶುದ್ಧ ಚಿನ್ನ ನಿಮ್ಮ ಕೈಯಿಂದ ಹೋಯ್ತು, ಇವತ್ತಿನ ರೇಟಲ್ಲಿ ಅದೆಷ್ಟಾಗತ್ತೆ ನೀವೇ ಲೆಕ್ಕ ಹಾಕಿ. ಎಲ್ಲರೂ ಬೇಕಂತ ಮಾಡ್ತಾರೆ ಅಂತಲ್ಲ, ನಮ್ಮ ಕಡೆ ಅಂಗಡಿಗೆ ಬರೋದು ಹೆಚ್ಚಾಗಿ 24 ಕ್ಯಾರಟ್ ಲಕ್ಷ್ಮಿ ಕಾಯಿನ್ನು, ಇಂಥ ನಾಣ್ಯ ನೋಡಿರೋದೇ ಕಮ್ಮಿ. ಕೌಂಟರಲ್ಲಿ ನಿಮ್ಮ ಕಣ್ಣೆದುರೇ ತೂಕ ಹಾಕ್ಸಿ, 33.93 ಆಸುಪಾಸು ಬಂದ್ರೆ ಆ ತೂಕಕ್ಕೆ 22 ಕ್ಯಾರಟ್ ರೇಟ್ ಹಾಕಿ ಅನ್ನಿ, ಇಲ್ಲಾ 31.1ಕ್ಕೆ 24 ಕ್ಯಾರಟ್ ರೇಟ್ ಹಾಕಿ ಅನ್ನಿ, ಎರಡೂ ಹೆಚ್ಚುಕಮ್ಮಿ ಒಂದೇ ಕಡೆ ಬಂದು ನಿಲ್ಲತ್ತೆ. ಅದರ ಮೇಲೆ ಅಂಗಡಿಯವರ ಮಾರ್ಜಿನ್ ಎಷ್ಟು ಅಂತ ಬೇರೆ ಕೇಳಿ, ಅದು ಬೇರೆ ವಿಷಯ.

ತಾಮ್ರ ಯಾಕೆ ಅಂತ ಇನ್ನೂ ನಾಲ್ಕೈದು ಜನ ಕೇಳಿದಾರೆ. ಅಪ್ಪಟ ಚಿನ್ನ ತುಂಬಾ ಮೆತ್ತಗೆ ಕಣ್ರೀ, ಉಗುರಿಂದ ಒತ್ತಿದ್ರೂ ಅಂಚು ಹಾಳಾಗೋ ಭಯ. ನಾಣ್ಯ ಅಂದ್ಮೇಲೆ ಕೈಯಿಂದ ಕೈಗೆ ಹೋಗ್ಬೇಕು, ಒಂದರ ಮೇಲೊಂದು ಪೇರಿಸಿಡ್ಬೇಕು, ಆದ್ರೂ ಸವೆಯಬಾರದು. ಅದಕ್ಕೇ ಬ್ರಿಟಿಷ್ ಸಾವರಿನ್ (ನಾವು ಪವನ್ ಅನ್ನೋ ಚಿನ್ನದ ನಾಣ್ಯ) ಕಾಲದಿಂದ್ಲೂ 22 ಕ್ಯಾರಟ್ಟೇ ನಡ್ಕೊಂಡು ಬಂದಿದೆ. ಅಮೆರಿಕದವ್ರು 1985ರಲ್ಲಿ ವರ್ಣಭೇದ ನೀತಿ ವಿರೋಧಿಸಿ ಕ್ರೂಗರ್‌ರಾಂಡ್ ಆಮದು ನಿಲ್ಲಿಸಿ, 1986ರಲ್ಲಿ ತಮ್ಮದೇ ಗೋಲ್ಡ್ ಈಗಲ್ ತಂದ್ರಲ್ಲ, ಅದೂ 22 ಕ್ಯಾರಟ್ಟೇ, ಆದ್ರೆ ಅದರಲ್ಲಿ 3% ಬೆಳ್ಳಿ, 5.33% ತಾಮ್ರ. ಆ ಮೂರು ಪರ್ಸೆಂಟ್ ಬೆಳ್ಳಿಯಿಂದಾನೇ ಈಗಲ್ ಹಳದಿಯಾಗಿ ಕಾಣತ್ತೆ, ಕ್ರೂಗರ್‌ರಾಂಡ್ ಕೆಂಪಗೆ ಕಾಣತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಚಿನ್ನದ ಪ್ರಮಾಣ ಒಂದೇ ಅಂತ ನಂಬೋಕೇ ಆಗಲ್ಲ. ಕೆನಡಾದ ಮೇಪಲ್ ಲೀಫ್ 1982ರಿಂದ 999.9 ಶುದ್ಧ (ಅಂದ್ರೆ ಸಾವಿರ ಭಾಗದಲ್ಲಿ 999.9 ಚಿನ್ನ), ನೋಡೋಕೆ ಚೆಂದ, ಆದ್ರೆ ಬೇಗ ಗೀರು ಬೀಳತ್ತೆ. ಬ್ರಿಟನ್ನಿನ ಚಿನ್ನದ ಬ್ರಿಟಾನಿಯಾ 2012ರ ತನಕ 22 ಕ್ಯಾರಟ್, 2013ರಿಂದ 999.9. ಅದರ ಬೆಳ್ಳಿ ನಾಣ್ಯದ್ದೂ ಹಾಗೇ, 1997ರಿಂದ 2012ರ ತನಕ 95.8% ಬೆಳ್ಳಿ, ಆಮೇಲೆ 999. ಇಸವಿ ನೋಡದೆ ಬ್ರಿಟಾನಿಯಾ ರೇಟ್ ಮಾತಾಡ್ಲೇಬಾರದು.

ಇನ್‌ಸ್ಟಾದಲ್ಲಿ ಪಿಂಕ್ ಗೋಲ್ಡ್, ಗ್ರೀನ್ ಗೋಲ್ಡ್, ಪರ್ಪಲ್ ಗೋಲ್ಡ್, ಎಲೆಕ್ಟ್ರಮ್ ಅಂತ ಏನೇನೋ ನಾಣ್ಯಗಳು ಬರ್ತಾ ಇರ್ತವೆ. ಇವು ನಿಜವಾದ ಚಿನ್ನನಾ? ಮಗಳ ಹೆಸರಲ್ಲಿ ವರ್ಷಕ್ಕೊಂದು ತಗೊಂಡಿಡೋಣ ಅಂತಿದೀನಿ. – ಕೋಥ್ರೂಡ್, ಪುಣೆ

ನನಗೆ ಬಹಳ ಪ್ರೀತಿಯ ವಿಷಯ ಕೇಳಿದೀರಿ, ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ಚಿನ್ನಕ್ಕೆ ಏನು ಸೇರಿಸ್ತೀರೋ ಅದರ ಮೇಲೆ ಬಣ್ಣ. ತಾಮ್ರ ಜಾಸ್ತಿ ಆದ್ರೆ ಕೆಂಪು-ಗುಲಾಬಿ, ಬೆಳ್ಳಿ ಜಾಸ್ತಿ ಆದ್ರೆ ಎಳೆ ಹಸಿರು ಛಾಯೆಯ ಹಳದಿ, ಇನ್ನೂ ಜಾಸ್ತಿ ಆದ್ರೆ ಬಿಳಿ, ಪಲ್ಲೇಡಿಯಮ್ ಇಲ್ಲಾ ನಿಕ್ಕಲ್ ಹಾಕಿದ್ರೆ ವೈಟ್ ಗೋಲ್ಡ್. ಇದೆಲ್ಲಾ ಮೇಲಿನ ಲೇಪ ಅಲ್ಲ, ತುಂಡು ಮಾಡಿದ್ರೂ ಒಳಗೆ ಅದೇ ಬಣ್ಣ. ಅಮೆರಿಕದ ಟಂಕಸಾಲೆ 2018ರಲ್ಲಿ ಸ್ತನ ಕ್ಯಾನ್ಸರ್ ಜಾಗೃತಿಗಾಗಿ 5 ಡಾಲರಿನ ಪಿಂಕ್ ಗೋಲ್ಡ್ ನಾಣ್ಯ ಮಾಡಿತ್ತು, 85% ಚಿನ್ನ, 14.8% ತಾಮ್ರ, 0.2% ಸತು. ಆ ಬಣ್ಣ ಬರ್ಬೇಕು ಅಂತಾನೇ ತಾಮ್ರವನ್ನ ಅಷ್ಟಕ್ಕೆ ಏರಿಸಿದ್ದು. ಇಂಥ ನಾಣ್ಯ ಕೈಯಲ್ಲಿ ಹಿಡಿದಾಗ ಒಂದು ಖುಷಿ ಆಗತ್ತೆ, ಲೋಹಶಾಸ್ತ್ರಜ್ಞ ಒಬ್ಬ ಕೂತು ಯೋಚನೆ ಮಾಡಿ ಈ ಬಣ್ಣ ತಂದಿದಾನಲ್ಲ ಅನ್ಸತ್ತೆ. ಇದನ್ನ ಕಲಬೆರಕೆ ಅನ್ನೋರ ಮೇಲೆ ನನಗೆ ನಿಜವಾಗ್ಲೂ ಬೇಜಾರಾಗತ್ತೆ. ಏನು ಎಷ್ಟು ಹಾಕಿದೀವಿ ಅಂತ ಮುಚ್ಚಿಟ್ರೆ ಅದು ಕಲಬೆರಕೆ, ಬಹಿರಂಗವಾಗಿ ಬರೆದು ಕೊಟ್ರೆ ಅದು ಮಿಶ್ರಲೋಹ, ಅಷ್ಟೇ.

ಎಲೆಕ್ಟ್ರಮ್ ಅಂತೂ ಹೊಸ ಫ್ಯಾಷನ್ನೇ ಅಲ್ಲ, ಜಗತ್ತಿನ ಮೊದಮೊದಲ ನಾಣ್ಯಗಳೇ ಅದರವು. ಇವತ್ತಿನ ಟರ್ಕಿಯ ಪಶ್ಚಿಮಕ್ಕಿದ್ದ ಲಿಡಿಯಾ ರಾಜ್ಯದಲ್ಲಿ ಕ್ರಿಸ್ತಪೂರ್ವ 7ನೇ ಶತಮಾನದ ಹೊತ್ತಿಗೆ ಚಿನ್ನ-ಬೆಳ್ಳಿ ಬೆರೆತ ಲೋಹದಲ್ಲಿ ಸಿಂಹದ ತಲೆಯ ಸಣ್ಣ ಸಣ್ಣ ನಾಣ್ಯ ಹೊಡೀತಿದ್ರು. ನದಿ ಮರಳಲ್ಲಿ ಸಿಗೋ ಚಿನ್ನದಲ್ಲಿ ಬೆಳ್ಳಿ ತಾನಾಗೇ ಸೇರ್ಕೊಂಡಿರತ್ತೆ, ಒಂದೊಂದು ಕಡೆ ಒಂದೊಂದು ಪ್ರಮಾಣ, ಆದ್ರೆ ಲಿಡಿಯಾ ನಾಣ್ಯಗಳನ್ನ ಪರೀಕ್ಷೆ ಮಾಡಿದಾಗ ಅರ್ಧಕ್ಕಿಂತ ಸ್ವಲ್ಪ ಮೇಲೆ ಚಿನ್ನ, ಬಾಕಿ ಹೆಚ್ಚಿನಂಶ ಬೆಳ್ಳಿ, ಚೂರು ತಾಮ್ರ ಅಂತ ಸಿಕ್ಕಿದೆ, ಅಂದ್ರೆ ಅವರು ಬೇಕಂತಲೇ ಹದ ಮಾಡಿ ಬೆರೆಸ್ತಿದ್ರು. ನಾಣ್ಯದೊಳಗೆ ಎಷ್ಟು ಚಿನ್ನ ಇದೆ ಅಂತ ತಗೊಳ್ಳೋನಿಗೆ ಗೊತ್ತಾಗೋದು ಹೇಗೆ ಅನ್ನೋ ಸಮಸ್ಯೆ ಆಗ್ಲೇ ಇತ್ತು. ಆಮೇಲೆ ಕ್ರೀಸಸ್ ರಾಜನ ಕಾಲದಲ್ಲಿ ಚಿನ್ನ ಬೇರೆ ಬೆಳ್ಳಿ ಬೇರೆ ಮಾಡೋ ವಿದ್ಯೆ ಕೈಗೆ ಬಂದು ಶುದ್ಧ ಚಿನ್ನದ್ದೊಂದು, ಶುದ್ಧ ಬೆಳ್ಳಿದೊಂದು ನಾಣ್ಯ ಬಂದ್ವು. ನಮ್ಮಲ್ಲೂ ಒರೆಗಲ್ಲು ಇಲ್ಲದ ಚಿನಿವಾರರ ಅಂಗಡಿ ಇರ್ಲಿಲ್ಲ, ಹೊನ್ನು, ಹಣ, ವರಹ ಎಲ್ಲದಕ್ಕೂ ಊರೂರಿಗೆ ಬೇರೆ ಬೇರೆ ಮಚ್ಚ, ಅಂದ್ರೆ ಶುದ್ಧತೆಯ ಅಳತೆ ಇತ್ತು.

ಪರ್ಪಲ್ ಗೋಲ್ಡ್ ಕಥೆ ಬೇರೆ. ಸುಮಾರು 79% ಚಿನ್ನಕ್ಕೆ 21% ಅಲ್ಯೂಮಿನಿಯಮ್ ಸೇರಿಸಿದ್ರೆ ನೇರಳೆ ಬಣ್ಣ ಬರತ್ತೆ, ನಿಜವಾಗ್ಲೂ ನೇರಳೆ, ಜಂಬುನೇರಳೆ ಹಣ್ಣಿನ ತಿರುಳಿನ ಬಣ್ಣ. ಆದ್ರೆ ಅದು ಗಾಜಿನ ಥರ ಪುಡಿಪುಡಿ ಆಗೋ ಪದಾರ್ಥ, ಟಂಕಸಾಲೆಯ ಅಚ್ಚಿನ ಒಂದು ಹೊಡೆತಕ್ಕೂ ತಡೆಯಲ್ಲ. ಅದಕ್ಕೇ ಅದನ್ನ ಹರಳಿನ ಥರ ಕೊರೆದು ಒಡವೆಗೆ ಕೂರಿಸ್ತಾರೆ ಹೊರತು ನಾಣ್ಯವಾಗಿ ಅಚ್ಚು ಹಾಕಲ್ಲ. ಯಾರಾದ್ರೂ ಅಗ್ಗದಲ್ಲಿ ಥಳಥಳ ನೇರಳೆ ನಾಣ್ಯ ತೋರಿಸಿದ್ರೆ ಅದು ಬಣ್ಣದ ಲೇಪ ಅಂತ್ಲೇ ತಿಳ್ಕೊಳ್ಳಿ.

ಬಣ್ಣದ ವಿಷಯಕ್ಕೆ ನನ್ನ ಮೆಚ್ಚಿನದ್ದು ಆಸ್ಟ್ರಿಯಾದ್ದು. 2003ರಲ್ಲಿ ಹಾಲ್ ಇನ್ ಟಿರೋಲ್ ಪಟ್ಟಣದ 700 ವರ್ಷದ ನೆನಪಿಗೆ 25 ಯೂರೋ ನಾಣ್ಯ ಮಾಡಿದ್ರು, ಹೊರಗೆ 900 ಶುದ್ಧತೆಯ ಬೆಳ್ಳಿ ಬಳೆ, ನಡುವೆ ನಯೋಬಿಯಮ್ ಅನ್ನೋ ಲೋಹದ ಬಿಲ್ಲೆ. ಆ ನಯೋಬಿಯಮ್ ಮೇಲಿನ ನೀಲಿ, ಹಸಿರು, ನೇರಳೆ ಎಲ್ಲಾ ಪೇಂಟ್ ಅಲ್ಲ. ಕರೆಂಟ್ ಹಾಯಿಸಿ ಮೇಲ್ಮೈಯಲ್ಲಿ ಆಕ್ಸೈಡ್ ಪದರ ಬೆಳೆಸ್ತಾರೆ, ಪದರ ಎಷ್ಟು ದಪ್ಪ ಅನ್ನೋದರ ಮೇಲೆ ಬೆಳಕು ಬೇರೆ ಬೇರೆ ಬಣ್ಣವಾಗಿ ಕಾಣತ್ತೆ, ಸೋಪಿನ ಗುಳ್ಳೆ ಮೇಲೆ ಬರೋ ಬಣ್ಣಕ್ಕೂ ಇದೇ ತತ್ವ. ಆವತ್ತಿಂದ ಪ್ರತಿ ವರ್ಷ ಒಂದೊಂದು ತರ್ತಿದಾರೆ, ಸಂಗ್ರಹಕಾರರು ಕಾದು ತಗೋತಾರೆ.

ಈಗ ಮಗಳ ವಿಷಯ. ಎರಡು ಡಬ್ಬಿ ಇಡಿ. ಒಂದರಲ್ಲಿ ಉಳಿತಾಯ, ಅದಕ್ಕೆ ಸರ್ಕಾರಿ ಇಲ್ಲಾ ಮಾನ್ಯತೆ ಇರೋ ರಿಫೈನರಿಯ 24 ಕ್ಯಾರಟ್ ಕಾಯಿನ್ನೇ ಇರ್ಲಿ, ಅಶೋಕ ಚಕ್ರ ಇರೋ ಇಂಡಿಯನ್ ಗೋಲ್ಡ್ ಕಾಯಿನ್ 2015ರಿಂದ ಇದ್ಯಲ್ಲ, 5 ಗ್ರಾಂ, 10 ಗ್ರಾಂ, ಆ ಥರದ್ದು, ಯಾವ ಊರಲ್ಲೂ ಯಾರೂ ಪ್ರಶ್ನೆ ಕೇಳಲ್ಲ. ಇನ್ನೊಂದರಲ್ಲಿ ಈ ಚೆಂದದ ಮಿಶ್ರಲೋಹಗಳು, ಪ್ರೀತಿಗೆ. ನಯೋಬಿಯಮ್ ನಾಣ್ಯವನ್ನ ಲಕ್ಷ್ಮಿ ರೋಡಿನ ಒಡವೆ ಅಂಗಡಿಗೆ ಮಾರೋಕೆ ತಗೊಂಡು ಹೋದ್ರೆ ನಡುವಿನ ಬಿಲ್ಲೆಗೆ ಒಂದು ರೂಪಾಯಿನೂ ಕೊಡಲ್ಲ, ಹೊರಗಿನ ಬಳೆಯ ಬೆಳ್ಳಿಗಷ್ಟೇ ತೂಕ ಹಾಕ್ತಾರೆ. ಅದನ್ನ ಸಂಗ್ರಹಕಾರರಿಗೇ ಮಾರ್ಬೇಕು, ಅವರು ಸಿಗೋ ತನಕ ಕಾಯ್ಬೇಕು. ತಗೊಳ್ಳೋವಾಗ ಕೊಟ್ಟ ದುಡ್ಡಲ್ಲಿ ಲೋಹದ ಬೆಲೆ ಎಷ್ಟು, ಕಲೆಗೆ ಕೊಟ್ಟಿದ್ದೆಷ್ಟು ಅಂತ ಮಗಳಿಗೆ ಒಂದು ಚೀಟಿ ಬರೆದು ಡಬ್ಬಿಯಲ್ಲೇ ಹಾಕಿಡಿ. ಆಮೇಲೆ ಇನ್ನೊಂದು, ನಾರ್ಡಿಕ್ ಗೋಲ್ಡ್ ಅಂತ ಬರೆದಿದ್ರೆ ಅದರಲ್ಲಿ ಚಿನ್ನ ಎಳ್ಳಷ್ಟೂ ಇಲ್ಲ, 89% ತಾಮ್ರ, 5% ಅಲ್ಯೂಮಿನಿಯಮ್, 5% ಸತು, 1% ತವರ, ಯೂರೋದ 10, 20, 50 ಸೆಂಟ್ ಚಿಲ್ಲರೆ ಅದರಲ್ಲೇ ಮಾಡೋದು. ನಮ್ಮ ಪೂಜೆ ಸಾಮಾನಿನ ಜರ್ಮನ್ ಸಿಲ್ವರ್‌ನಲ್ಲೂ ಬೆಳ್ಳಿ ಇಲ್ಲ, ತಾಮ್ರ ನಿಕ್ಕಲ್ ಸತು.

ಅಪ್ಪನ ಪೆಟ್ಟಿಗೆಯಲ್ಲಿ ಆರನೇ ಜಾರ್ಜ್ ರಾಜನ ರೂಪಾಯಿಗಳು ಸಿಕ್ಕಿವೆ, 1941, 1944, 1945ರವು. ವಿಕ್ಟೋರಿಯಾ ರಾಣಿದೂ ಎರಡಿವೆ. ರಾಣಿದು ಕಪ್ಪಾಗಿದೆ, ರಾಜನವು ಕೆಲವು ಹಸಿರು ಕಟ್ಟಿವೆ, ಒಂದೆರಡು ಅಂಟಂಟು. ಹುಣಸೆಹಣ್ಣು ಹಾಕಿ ತೊಳೀಬಹುದಾ? – ಮಡಗಾಂವ್, ಗೋವಾ

ಹುಣಸೆಹಣ್ಣು ಬೇಡ, ಟೂತ್‌ಪೇಸ್ಟ್ ಬೇಡ, ವಿಭೂತಿನೂ ಬೇಡ! ಉಜ್ಜಿದ ಕೂಡ್ಲೇ ಮೇಲ್ಮೈ ಹೋಯ್ತು, ನಾಣ್ಯದ ಬೆಲೆನೂ ಅದರ ಜೊತೆ ಹೋಯ್ತು, ಮತ್ತೆ ಏನ್ಮಾಡಿದ್ರೂ ಬರಲ್ಲ.

ಎರಡೂ ಬೇರೆ ಥರ ಯಾಕೆ ಹಾಳಾಗಿವೆ ಅಂದ್ರೆ ಲೋಹನೇ ಬೇರೆ. ವಿಕ್ಟೋರಿಯಾ ರೂಪಾಯಿ 11.66 ಗ್ರಾಂ, 91.7% ಬೆಳ್ಳಿ. ಬೆಳ್ಳಿಗೆ ಗಾಳಿಯಲ್ಲಿರೋ ಗಂಧಕ ತಾಗಿ ಕಪ್ಪು ಪದರ ಕಟ್ಟತ್ತೆ, ಅದೇನೂ ಹಾನಿ ಮಾಡಲ್ಲ, ಸಂಗ್ರಹಕಾರರಿಗೆ ಆ ಕಪ್ಪು ನೀಲಿ ಛಾಯೆನೇ ಇಷ್ಟ. 1940ರಿಂದ ಮಾತ್ರ ಕಥೆ ಬದಲಾಯ್ತು. ಯುದ್ಧ ಶುರುವಾಗಿತ್ತು, ಜನ ನೋಟು ಕೊಟ್ಟು ಬೆಳ್ಳಿ ರೂಪಾಯಿ ತಗೊಂಡು ಮನೆಯಲ್ಲಿ ಹೂತಿಡೋಕೆ ಶುರು ಮಾಡಿದ್ರು, ಸರ್ಕಾರದ ಹತ್ರ ಬೆಳ್ಳಿ ಸಾಲದೇ ಬಂತು. ಆಗ ತಂದಿದ್ದೇ ನಾಲ್ಕು ಲೋಹದ ಮಿಶ್ರಣ, 50% ಬೆಳ್ಳಿ, 40% ತಾಮ್ರ, 5% ನಿಕ್ಕಲ್, 5% ಸತು. ಖೋಟಾ ತಡೆಯೋಕೆ ಅಂಚಿನ ಗೆರೆಗಳ ನಡುವೆ ಒಂದು ಸಣ್ಣ ಕಾಲುವೆ ಥರ ಕೊರೆದಿದಾರೆ ನೋಡಿ, ರೂಪಾಯಿಯನ್ನ ನಿಲ್ಲಿಸಿ ಹಿಡಿದು ಬೆಳಕಿಗೆ ತಿರುಗಿಸಿದ್ರೆ ಕಾಣತ್ತೆ, ವಿಕ್ಟೋರಿಯಾ ನಾಣ್ಯದಲ್ಲಿ ಅದಿರಲ್ಲ. 1946-47ರ ಹೊತ್ತಿಗೆ ಬೆಳ್ಳಿನೂ ಹೋಗಿ ಬರೀ ನಿಕ್ಕಲ್ ಬಂತು. ಯುದ್ಧದ ಟೈಮಲ್ಲಿ ಅಮೆರಿಕ ನಮಗೆ 22 ಕೋಟಿ ಔನ್ಸಿಗಿಂತ ಹೆಚ್ಚು ಬೆಳ್ಳಿ ಸಾಲ ಕೊಟ್ಟಿತ್ತು, ಅದನ್ನ ವಾಪಸ್ ಕೊಡೋಕೆ ಸ್ವಾತಂತ್ರ್ಯದ ನಂತರ ಇದೇ ಅರ್ಧ ಬೆಳ್ಳಿ ರೂಪಾಯಿಗಳನ್ನ ಕರಗಿಸಿ ಬೆಳ್ಳಿ ತೆಗೆದ್ರು. ಅಂದ್ರೆ ನಿಮ್ಮಪ್ಪ ಎತ್ತಿಟ್ಟಿದ್ದು ಆ ಕುಲುಮೆಯಿಂದ ತಪ್ಪಿಸ್ಕೊಂಡವು.

ನೂರಕ್ಕೆ ನಲವತ್ತು ಭಾಗ ತಾಮ್ರ ಇರೋದ್ರಿಂದ ಗೋವಾದ ಉಪ್ಪುಗಾಳಿ, ಮಳೆಗಾಲದ ತೇವಕ್ಕೆ ಹಸಿರು ಕಿಲುಬು ಕಟ್ಟೇ ಕಟ್ಟತ್ತೆ. ಅಂಟಂಟು ಇರೋವು ಬಹುಶಃ ಮೆತ್ತನೆ ಪ್ಲಾಸ್ಟಿಕ್ ಕವರಲ್ಲಿದ್ದವು, ಪಿವಿಸಿ ಪ್ಲಾಸ್ಟಿಕ್ ಕಾಲಕ್ರಮೇಣ ಕರಗಿ ನಾಣ್ಯಕ್ಕೆ ಹಸಿರು ಗೋಂದಾಗಿ ಹತ್ಕೊಳ್ಳತ್ತೆ. ಅದಕ್ಕೆ ಮದ್ದು ಶುದ್ಧ ಅಸಿಟೋನ್, ಬಣ್ಣ ಸುವಾಸನೆ ಹಾಕಿದ ನೇಲ್ ಪಾಲಿಶ್ ರಿಮೂವರ್ ಅಲ್ಲ, ಕೆಮಿಕಲ್ ಅಂಗಡಿದು. ಗಾಜಿನ ಬಟ್ಟಲಲ್ಲಿ ಹಾಕಿ, ಕಿಟಕಿ ತೆಗೆದಿಟ್ಟು, ಒಲೆ ದೀಪ ಹತ್ರ ಇಲ್ಲದ ಹಾಗೆ ನೋಡ್ಕೊಂಡು, ಸ್ವಲ್ಪ ಹೊತ್ತು ಮುಳುಗಿಸಿಟ್ಟು ಎತ್ತಿ, ಉಜ್ಜದೆ ಹಾಗೇ ಆರೋಕೆ ಬಿಡಿ. ಗೋಂದು ಹೋಗತ್ತೆ, ಲೋಹಕ್ಕೇನೂ ಆಗಲ್ಲ. ಗಟ್ಟಿ ಕಿಲುಬು ಅದಕ್ಕೆ ಹೋಗಲ್ಲ, ಅದನ್ನ ಕೆರೀಬೇಡಿ. ಆಮೇಲೆ ಗಟ್ಟಿ ಪಾರದರ್ಶಕ ಡಬ್ಬಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ, ಜೂನಿಂದ ಸೆಪ್ಟೆಂಬರ್ ತನಕ ಪೊಟ್ಟಣ ಬದಲಾಯಿಸ್ತಾ ಇರಿ.

ಇದೇ ನಾಲ್ಕು ಲೋಹದ ಹದ ಈಚೆಗೂ ಬಳಕೆಯಲ್ಲಿತ್ತು ಗೊತ್ತಾ? ನಮ್ಮ ಸರ್ಕಾರದ ಸ್ಮರಣಾರ್ಥ ನಾಣ್ಯಗಳಲ್ಲಿ, 2023ರಲ್ಲಿ ಹೊಸ ಸಂಸತ್ ಭವನಕ್ಕೆ ತಂದ 75 ರೂಪಾಯಿದು ಇದ್ಯಲ್ಲ, 44 ಮಿಲಿಮೀಟರ್ ಅಗಲ, 35 ಗ್ರಾಂ ತೂಕ, ಅದೂ 50-40-5-5. ಅಂದ್ರೆ ಬೆಳ್ಳಿ 17.5 ಗ್ರಾಂ ಮಾತ್ರ. ಮೂವತ್ತೈದು ಗ್ರಾಂ ಬೆಳ್ಳಿ ನಾಣ್ಯ ಅಂತ ಯಾರಾದ್ರೂ ಮಾರಿದ್ರೆ ಅರ್ಧ ಸುಳ್ಳು. ಮತ್ತೆ ಅದನ್ನ ಕರಗಿಸೋಕೆ ಹೋಗ್ಬೇಡಿ, 2011ರ ನಾಣ್ಯ ಕಾಯ್ದೆ ಪ್ರಕಾರ ಅಪರಾಧ.

ಅಜ್ಜಿಯ ಕಾಸಿನ ಸರದಲ್ಲಿ ಒಂದು ಪವನ್ ಮೇಲೆ 1918 ಅಂತಿದೆ, ಇಸವಿಯ ಮೇಲೆ ಸಣ್ಣಕೆ ಇಂಗ್ಲಿಷಿನ ಐ ಅಕ್ಷರ. ಲಕ್ಷಗಟ್ಟಲೆ ಬೆಲೆ ಅಂತ ವಾಟ್ಸಾಪಲ್ಲಿ ಬಂದಿತ್ತು. – ಮಾಟುಂಗಾ

ಲಕ್ಷಗಟ್ಟಲೆ ಪ್ರೀಮಿಯಮ್ (ಚಿನ್ನದ ಬೆಲೆಗಿಂತ ಮೇಲೆ ಸಿಗೋ ದುಡ್ಡು) ಅಂತೂ ಸುಳ್ಳು, ಆದ್ರೆ ನಿಮ್ಮ ಕೈಲಿರೋದು ನಿಮ್ಮದೇ ಊರಿನ ನಾಣ್ಯ, ಅದು ಸುಳ್ಳಲ್ಲ. ಐ ಅಂದ್ರೆ ಇಂಡಿಯಾ. ಮೊದಲ ಮಹಾಯುದ್ಧದಲ್ಲಿ ಹಡಗಲ್ಲಿ ಚಿನ್ನ ಸಾಗಿಸೋದು ಅಪಾಯ ಆಗಿ, ಲಂಡನ್ನಿನ ರಾಯಲ್ ಮಿಂಟ್ ಬಾಂಬೆ ಟಂಕಸಾಲೆಯಲ್ಲೇ ಒಂದು ಶಾಖೆ ತೆಗೆದು 1918ರಲ್ಲಿ ಸಾವರಿನ್ ಹೊಡೀತು, ಆ ಒಂದೇ ಇಸವಿ, ಸುಮಾರು 12.95 ಲಕ್ಷ ನಾಣ್ಯ. ಫೋರ್ಟಲ್ಲಿ ಶಹೀದ್ ಭಗತ್ ಸಿಂಗ್ ರಸ್ತೆ ಮೇಲೆ ರಿಸರ್ವ್ ಬ್ಯಾಂಕ್ ಎದುರಿನ ಕಂಬಗಳ ಕಟ್ಟಡ ಇದ್ಯಲ್ಲ, ಅಲ್ಲೇ. ಅದೇ ವರ್ಷ ಅದೇ ಗಾತ್ರದ 15 ರೂಪಾಯಿಯ ಚಿನ್ನದ ಮೊಹರನ್ನೂ ಅಲ್ಲಿ ಹೊಡೆದ್ರು. ಸಾವರಿನ್‌ಗೆ ಮತ್ತೆ ಐ ಗುರುತು ಬಂದಿದ್ದು 2013ರಲ್ಲಿ, ಹರಿಯಾಣದ ಎಂಎಂಟಿಸಿ-ಪ್ಯಾಂಪ್ ರಿಫೈನರಿಯಲ್ಲಿ ರಾಯಲ್ ಮಿಂಟ್ ಪರವಾಗಿ ಮಾಡೋಕೆ ಶುರು ಮಾಡಿದಾಗ. ತೂಕ 7.988 ಗ್ರಾಂ, ಅದರಲ್ಲಿ ಶುದ್ಧ ಚಿನ್ನ 7.322, ಬಾಕಿ ತಾಮ್ರ. ನೀವು ಎಂಟು ಗ್ರಾಂ ಪವನ್ ಅಂತ 24 ಕ್ಯಾರಟ್ ಲೆಕ್ಕ ಹಾಕಿದ್ರೆ ನಿರಾಸೆ ಆಗತ್ತೆ.

ಬೆಸುಗೆ ಹಾಕಿ ಕೊಂಡಿ ಕೂರಿಸಿದ್ರಿಂದ ಸಂಗ್ರಹಕಾರರ ಪ್ರೀಮಿಯಮ್ ಆಗ್ಲೇ ಹೋಗಿದೆ, ಕೊಂಡಿ ಕಿತ್ತು ನುಣುಪು ಮಾಡ್ಸಿದ್ರೆ ವಾಪಸ್ ಬರಲ್ಲ. ನಾನಾದ್ರೆ ಸರ ಮುರಿಯಲ್ಲ. ಅಜ್ಜಿ ಹಾಕ್ಕೊಂಡ ಸರ ಸರವಾಗೇ ಇರೋದ್ರಲ್ಲೇ ಅದರ ಅರ್ಥ ಇದೆ. ಸರದ ಉಳಿದ ಕಾಸುಗಳು ಅಕ್ಕಸಾಲಿಗ ಅಚ್ಚಲ್ಲಿ ಹೊಡೆದವು ಇರಬಹುದು, ಅದು ಮೋಸ ಅಲ್ಲ, ರೂಢಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಟಲಿಯ ಮಿಲಾನ್‌ನಲ್ಲಿ ಪೂರ್ತಿ ಚಿನ್ನ ಹಾಕಿ ಖೋಟಾ ಸಾವರಿನ್ ಮಾಡಿ ಮಾರಿದ್ದುಂಟು, ಯಾಕಂದ್ರೆ ನಾಣ್ಯಕ್ಕೆ ಲೋಹಕ್ಕಿಂತ ಹೆಚ್ಚು ಬೆಲೆ ಸಿಗ್ತಿತ್ತು. ಒಂದು ಕಾನೂನು ಗೊತ್ತಿರ್ಲಿ, ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯಡಿ ಬರತ್ತೆ, ಮನೆಯಲ್ಲಿಟ್ಕೊಳ್ಳೋಕೆ ತೊಂದರೆ ಇಲ್ಲ, ದೇಶದ ಹೊರಗೆ ಮಾತ್ರ ಕಳಿಸೋ ಹಾಗಿಲ್ಲ. ಅಮೆರಿಕದ ಮೊಮ್ಮಗನಿಗೆ ಕೊರಿಯರ್ ಮಾಡ್ಬೇಡಿ.

ಪ್ಲಾಟಿನಂ ಈಗ ಚಿನ್ನಕ್ಕಿಂತ ಅಗ್ಗ. ಪ್ಲಾಟಿನಂ, ಪಲ್ಲೇಡಿಯಮ್, ರೋಡಿಯಮ್ ನಾಣ್ಯ ತಗೊಂಡ್ರೆ ಮುಂದೆ ಲಾಭ ಆಗತ್ತಾ? – ಹಿಂಜವಡಿ

ಲಾಭದ ಮಾತು ಹೇಳೋಕೆ ನಾನು ಜ್ಯೋತಿಷಿ ಅಲ್ಲ, ಆದ್ರೆ ಹಿಂದೆ ಏನಾಗಿದೆ ಅಂತ ಹೇಳ್ತೀನಿ. ರೋಡಿಯಮ್ 2021ರ ಮಾರ್ಚಲ್ಲಿ ಔನ್ಸಿಗೆ 29 ಸಾವಿರ ಡಾಲರ್ ಹತ್ರ ಹೋಗಿತ್ತು, 2023ರಲ್ಲಿ 5 ಸಾವಿರಕ್ಕಿಂತ ಕೆಳಗೆ ಬಂತು. ಪಲ್ಲೇಡಿಯಮ್ 2022ರ ಮಾರ್ಚಲ್ಲಿ 3 ಸಾವಿರ ಡಾಲರ್ ದಾಟಿ ಆಮೇಲೆ ಧಡಾರಂತ ಬಿತ್ತು. ಇವೆರಡರ ಬೇಡಿಕೆ ಹೆಚ್ಚಾಗಿ ಕಾರಿನ ಹೊಗೆ ಶುದ್ಧ ಮಾಡೋ ಕನ್ವರ್ಟರ್ ಮೇಲೆ ನಿಂತಿದೆ, ನಮ್ಮ ಮದುವೆ ಸೀಸನ್ ಮೇಲಲ್ಲ. ಮತ್ತೆ ವಾಪಸ್ ಮಾರೋ ತಾಪತ್ರಯ. ಚಿನ್ನ 1064 ಡಿಗ್ರಿಗೆ ಕರಗತ್ತೆ, ಪ್ಲಾಟಿನಂಗೆ 1768 ಡಿಗ್ರಿ ಬೇಕು, ಮಾಮೂಲಿ ಅಕ್ಕಸಾಲಿಗರ ಊದುಕೊಳವೆಗೆ ಅದು ಬಗ್ಗಲ್ಲ. ಕರಗಿಸಿ ಪರೀಕ್ಷೆ ಮಾಡೋಕೆ ಆಗದ ಲೋಹವನ್ನ ಅಂಗಡಿಯವ್ರು ಧೈರ್ಯವಾಗಿ ತಗೊಳ್ಳಲ್ಲ, ತಗೊಂಡ್ರೂ ರೇಟ್ ಇಳಿಸ್ತಾರೆ.

ಸಂಗ್ರಹಕ್ಕೆ ಅಂದ್ರೆ ಪ್ಲಾಟಿನಂ ಮಜವಾದ ಲೋಹ. ರಷ್ಯಾ 1828ರಿಂದ 1845ರ ತನಕ ಉರಲ್ ಗಣಿಯ ಪ್ಲಾಟಿನಂನಲ್ಲಿ 3, 6, 12 ರೂಬಲ್ ನಾಣ್ಯ ಚಲಾವಣೆಗೇ ಬಿಟ್ಟಿತ್ತು. 19ನೇ ಶತಮಾನದ ಸ್ಪೇನಲ್ಲಿ ಖೋಟಾದವ್ರು ಪ್ಲಾಟಿನಂ ನಾಣ್ಯಕ್ಕೆ ಚಿನ್ನದ ನೀರು ಕೊಟ್ಟು ಚಿನ್ನದ ನಾಣ್ಯ ಅಂತ ಚಲಾಯಿಸ್ತಿದ್ರು, ಯಾಕಂದ್ರೆ ಆಗ ಪ್ಲಾಟಿನಂ ಅಗ್ಗ, ತೂಕಕ್ಕೂ ಸರಿಹೊಂದ್ತಿತ್ತು. ನಮ್ಮ ಕಾಲದಲ್ಲೂ ಅದರ ತಮ್ಮನಂಥ ಒಂದು ಆಟ ನಡೀತು. ಕಸ್ಟಮ್ಸ್ ನಿಯಮದಲ್ಲಿ 2% ಪ್ಲಾಟಿನಂ ಇರೋ ಯಾವುದೇ ಮಿಶ್ರಲೋಹ ಪ್ಲಾಟಿನಂ ಅಂತ್ಲೇ ಲೆಕ್ಕ, ಬಾಕಿಯೆಲ್ಲಾ ಚಿನ್ನ ಇದ್ರೂ! ಅದನ್ನ ಹಿಡ್ಕೊಂಡು ಹೆಚ್ಚುಕಮ್ಮಿ ಚಿನ್ನವನ್ನೇ ಪ್ಲಾಟಿನಂ ಅಂತ ಕಡಿಮೆ ಸುಂಕದಲ್ಲಿ ತರಿಸಿದ್ರು, ಆಮೇಲೆ ಸರ್ಕಾರ 99% ಮೇಲಿನ ಪ್ಲಾಟಿನಂಗೆ ಬೇರೆ ಕೋಡ್ ಮಾಡಿ ಉಳಿದ ಮಿಶ್ರಲೋಹದ ಆಮದಿಗೆ ತಡೆ ಹಾಕ್ತು. ಆದ್ರಿಂದ "ಪ್ಲಾಟಿನಂ ಅಲಾಯ್ ಕಾಯಿನ್" ಅಂತ ಯಾರಾದ್ರೂ ತೋರಿಸಿದ್ರೆ ಎಷ್ಟು ಪರ್ಸೆಂಟ್ ಅಂತ ಬಿಲ್ಲಲ್ಲಿ ಬರೆಸ್ಕೊಳ್ಳಿ. ಹೂಡಿಕೆಗಂತ ಮಾಡೋ ಒಳ್ಳೆ ಪ್ಲಾಟಿನಂ (ಬುಲಿಯನ್) ನಾಣ್ಯದ ಮೇಲೇ 999.5 ಅಂತ ಅಚ್ಚಾಗಿರತ್ತೆ.

ತಮ್ಮ ದುಬೈಯಿಂದ ಬರ್ತಾ ಎರಡು ಈಗಲ್ ನಾಣ್ಯ ತರ್ತೀನಿ ಅಂತಾನೆ. ಒಡವೆಗೆ ಇರೋ ಫ್ರೀ ಲಿಮಿಟ್ ನಾಣ್ಯಕ್ಕೂ ಇದ್ಯಾ? – ಪಣಜಿ

ಇಲ್ಲ. ಆ ವಿನಾಯಿತಿ ಆಭರಣಕ್ಕೆ ಮಾತ್ರ, ನಾಣ್ಯ ಒಂದಿದ್ರೂ ವಿಮಾನ ನಿಲ್ದಾಣದ ಕಸ್ಟಮ್ಸ್ ರೆಡ್ ಚಾನೆಲ್‌ನಲ್ಲಿ ಹೇಳಿ ಸುಂಕ ಕಟ್ಬೇಕು. ಅಂಗಡಿಯ ಬಿಲ್ ಕೈಯಲ್ಲಿರ್ಲಿ, ಕಟ್ಟಿದ ರಸೀದಿ ಜೋಪಾನ ಮಾಡಿ, ಮುಂದೆ ಮಾರೋವಾಗ ಬಂಡವಾಳ ಲಾಭದ ತೆರಿಗೆ ಲೆಕ್ಕಕ್ಕೂ ಅದೇ ಬೇಕಾಗತ್ತೆ.

ಎಕ್ಸ್‌ಆರ್‌ಎಫ್ ಮಷೀನಲ್ಲಿ ತೋರಿಸ್ದೆ, 22 ಕ್ಯಾರಟ್ ಬಂತು. ಇನ್ನು ನಿಶ್ಚಿಂತೆನಾ? ಮನೆಯಲ್ಲೇ ನೋಡೋಕೆ ದಾರಿ ಇದ್ಯಾ? – ಕಲ್ಯಾಣ್

ಪೂರ್ತಿ ನಿಶ್ಚಿಂತೆ ಅಲ್ಲ, ಆ ಮಷೀನಿನ ಎಕ್ಸ್-ರೇ ಕಿರಣ ಚಿನ್ನದಲ್ಲಿ ಮೇಲ್ಮೈಯ ತೆಳು ಪದರ ಅಷ್ಟೇ ನೋಡೋದು, ದಪ್ಪ ಲೇಪದ ಒಳಗೆ ಬೇರೆ ಲೋಹ ಇದ್ರೆ ಗೊತ್ತಾಗಲ್ಲ. ಅದರ ಜೊತೆ ಸಾಂದ್ರತೆ ಪರೀಕ್ಷೆನೂ ಮಾಡಿ, ಖರ್ಚಿಲ್ಲ. 0.01 ಗ್ರಾಂ ತೋರಿಸೋ ಸಣ್ಣ ತಕ್ಕಡಿ ಬೇಕು. ಮೊದ್ಲು ನಾಣ್ಯ ತೂಗಿ ಬರ್ಕೊಳ್ಳಿ. ಆಮೇಲೆ ನೀರಿನ ಲೋಟ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ನಾಣ್ಯಕ್ಕೆ ತೆಳು ದಾರ ಕಟ್ಟಿ ನೀರಲ್ಲಿ ಪೂರ್ತಿ ಮುಳುಗಿಸಿ ಹಿಡೀರಿ, ತಳಕ್ಕೂ ಗೋಡೆಗೂ ತಾಗಬಾರದು, ಗುಳ್ಳೆ ಅಂಟಿರಬಾರದು. ಈಗ ತಕ್ಕಡಿ ತೋರಿಸೋದೇ ನಾಣ್ಯದ ಗಾತ್ರ. ಮೊದಲ ತೂಕವನ್ನ ಅದರಿಂದ ಭಾಗಿಸಿ, ಬರೋದೇ ಸಾಂದ್ರತೆ. ಕ್ರೂಗರ್‌ರಾಂಡ್ ಆದ್ರೆ 33.93 ಗ್ರಾಂಗೆ ಸುಮಾರು 1.94 ತೋರಿಸ್ಬೇಕು, ಉತ್ತರ ಹದಿನೇಳೂವರೆ ಆಸುಪಾಸು. ಅಪ್ಪಟ ಚಿನ್ನ 19.3, ಬೆಳ್ಳಿ 10.5, ತಾಮ್ರ 9ರ ಹತ್ರ.

ಖೋಟಾದವ್ರಿಗೆ ಇಷ್ಟವಾದ ಟಂಗ್‌ಸ್ಟನ್ ಲೋಹದ ಸಾಂದ್ರತೆ 19.25, ಅದು 24 ಕ್ಯಾರಟ್ ನಾಣ್ಯದ ಜೊತೆ ಈ ಪರೀಕ್ಷೆಯಲ್ಲಿ ಪಾಸಾಗಿಬಿಡತ್ತೆ. 22 ಕ್ಯಾರಟ್ಟಿನ ನಾಣ್ಯದಲ್ಲಿ ಬರೀ ಟಂಗ್‌ಸ್ಟನ್ ತಿರುಳು ಇಟ್ರೆ ತೂಕ ಸರಿ ಮಾಡೋಕೆ ಗಾತ್ರ ತಪ್ಪತ್ತೆ, ಗಾತ್ರ ಸರಿ ಮಾಡೋಕೆ ಹೋದ್ರೆ ತೂಕ ಏರತ್ತೆ. ಮೊದಲ ಪ್ರಶ್ನೆಯ ಡೊಂಬಿವಿಲಿಯವ್ರೂ ಇದನ್ನ ನೋಡ್ಲಿ, ಅಂಗಡಿಯವರು ದೂರಿದ ಆ ತಾಮ್ರನೇ ಇಲ್ಲಿ ಕಾವಲಿಗೆ ನಿಂತಿದೆ.

ಸಾವರಿನ್ ಥರ ಸಣ್ಣ ನಾಣ್ಯ ಆದ್ರೆ ನೀರಲ್ಲಿ ಬರೋದೇ 0.45, ತಕ್ಕಡಿ 0.01 ಹೆಚ್ಚುಕಮ್ಮಿ ತೋರಿಸಿದ್ರೂ ಉತ್ತರ ಹದಿನೇಳರಿಂದ ಹದಿನೆಂಟರ ತನಕ ಓಲಾಡತ್ತೆ. ಒಂದೇ ಥರದವು ನಾಲ್ಕೈದು ಇದ್ರೆ ಒಟ್ಟಿಗೆ ಕಟ್ಟಿ ಮುಳುಗಿಸಿ, ಲೆಕ್ಕ ಸ್ಥಿರವಾಗತ್ತೆ. ಕಾಸಿನ ಸರದಲ್ಲಿರೋ ನಾಣ್ಯಕ್ಕೆ ಇದು ಹೊಂದಲ್ಲ, ಕೊಂಡಿ ಬೆಸುಗೆ ಒಳಗಿನ ಅರಗು ಎಲ್ಲಾ ಸೇರಿ ಉತ್ತರ ಕೆಡತ್ತೆ, ಅದನ್ನ ಹಾಲ್‌ಮಾರ್ಕಿಂಗ್ ಸೆಂಟರಿಗೇ ತಗೊಂಡು ಹೋಗಿ.